ಕುಲುಮೆಯ ಮುಂದೆ ನಿಂತ ಬೊಂಬೆ

ಕಬ್ಬಿಣ ಕರಗಿಸುವವರ ಪರಂಪರೆಯನ್ನು ಎ.ಸಿ. ಕೋಣೆಯಲ್ಲಿ ಕೂರಿಸಲು ಹೊರಟವರಿಗೆ ನಗುವ ಪ್ರಸಂಗಗಳಿಗೇನೂ ಬರವಿಲ್ಲ. ನಾನು ದಾವಣಗೆರೆಯವಳು. ವಿಜಯವಾಡದ ಭವಾನಿಪುರಂನಲ್ಲಿರುವ ನಮ್ಮ ಕಂಪನಿ ವಿಶಾಖಪಟ್ಟಣದ ಒಂದು ಹಳೆಯ ಖಾಸಗಿ ಕಾರ್ಖಾನೆಗೆ ಪರಂಪರೆಯ ಗ್ಯಾಲರಿ ಕಟ್ಟಿಕೊಡುತ್ತಿತ್ತು. ಕೆಲಸ ಬಲ್ಲವರೊಬ್ಬರು ಬೇಕು ಎಂದಾಗ ಕುಲುಮೆಯ ಬಳಿಯಿಂದ ಒಬ್ಬರನ್ನು ಕಳುಹಿಸಿದರು. ಇಪ್ಪತ್ತೆರಡು ವರ್ಷದಿಂದ ಗುತ್ತಿಗೆ ಕಾರ್ಮಿಕ. ಇವತ್ತಲ್ಲ ನಾಳೆ ಕಾಯಂ ಮಾಡುತ್ತಾರೆಂದು ನಂಬಿಕೊಂಡವರು. ಎಲ್ಲರಂತೆ ನಾನೂ ಅವರನ್ನು ‘ಬಾಬಾಯಿ’ ಎಂದೆ, ಅಂದರೆ ಚಿಕ್ಕಪ್ಪ.

ಹುಬ್ಬು

ನಮ್ಮ ಬಾಸ್ ಬರೆಸಿದ ಚಿತ್ರದಲ್ಲಿ ಕಾರ್ಮಿಕನೊಬ್ಬ ಕುಲುಮೆಯ ಬಾಯಿಗೆ ಬಗ್ಗಿ ನಗುತ್ತಿದ್ದ. ಬಾಬಾಯಿ ನೋಡಿ, “ಅಮ್ಮಾ, ಇಷ್ಟು ಹತ್ತಿರ ನಿಂತರೆ ಹುಬ್ಬು ಉಳಿಯಲ್ಲ,” ಎಂದರು. ಅವರಿಗೂ ಉಳಿದಿರಲಿಲ್ಲ. ಬಾಸ್‌ಗೆ ಫೋನ್ ಮಾಡಿ ಹೇಳಿದೆ.

“ಹುಬ್ಬು ಬೇಕಾದರೆ ಅಳಿಸಿ,” ಎಂದರು, “ನಗು ಮಾತ್ರ ಇರಲಿ.”

ಸೆಖೆ

ನೋಡಲು ಬಂದವರಿಗೆ ನಿಜವಾದ ಅನುಭವ ಆಗಬೇಕೆಂದು ಕಾರ್ಖಾನೆಯ ಅಧಿಕಾರಿ ಹಟ ಹಿಡಿದರು. ನಕಲಿ ಕುಲುಮೆಯ ಹಿಂದೆ ಎರಡು ಹೀಟರ್ ಇಟ್ಟೆವು. ಅಧಿಕಾರಿ ಮೂರು ನಿಮಿಷ ನಿಂತು, ಕರ್ಚೀಫು ಒದ್ದೆ ಮಾಡಿಕೊಂಡು, “ಇಲ್ಲಿ ಮನುಷ್ಯರು ನಿಲ್ಲೋಕಾಗುತ್ತೇನ್ರೀ?” ಎಂದು ಅವನ್ನು ತೆಗೆಸಿದರು. ಬದಲಿಗೆ ಇನ್ನೊಂದು ಎ.ಸಿ. ಬಂತು.

ಬಾಬಾಯಿ ಬಹಳ ವಿನಯದಿಂದ, “ಸಾರ್, ನಮ್ಮ ಕುಲುಮೆ ಹತ್ತಿರಾನೂ ಹೀಗೇ ಒಂದ್ಸಲ ಬಂದು ನಿಲ್ಲಿ. ಮೂರು ನಿಮಿಷ ಸಾಕು,” ಎಂದರು.

ಅಚ್ಚು

ಕೊನೆಗೆ ಕಾರ್ಮಿಕನ ಬೊಂಬೆ. ಬಾಬಾಯಿಯನ್ನೇ ಎರಡು ದಿನ ನಿಲ್ಲಿಸಿ ಅಚ್ಚು ತೆಗೆದರು. ಗುತ್ತಿಗೆಯವರ ಮಾಸಿದ ಅಂಗಿ ಚೆನ್ನಾಗಿ ಕಾಣುವುದಿಲ್ಲವೆಂದು ಅಧಿಕಾರಿಯೇ ಕಾಯಂ ನೌಕರರ ಸಮವಸ್ತ್ರ ತರಿಸಿ ಬೊಂಬೆಗೆ ತೊಡಿಸಿದರು. ಉದ್ಘಾಟನೆಗೆ ವಾರವಿರುವಾಗ ಗುತ್ತಿಗೆಯ ಜನರನ್ನು ಕಡಿಮೆ ಮಾಡಿದರು. ಬಾಬಾಯಿಯ ಕೆಲಸವೂ ಹೋಯಿತು, ಗೇಟ್ ಪಾಸೂ ಹೋಯಿತು. ಉದ್ಘಾಟನೆಯ ದಿನ ಪಾಸಿಲ್ಲವೆಂದು ಅವರನ್ನು ಗೇಟಿನಲ್ಲೇ ತಡೆದರು. ಒಳಗೆ ಬಿಡಿಸಿ ಎಂದು ನಾನು ಅಧಿಕಾರಿಯನ್ನು ಕೇಳಿಕೊಂಡೆ. “ಭಾಷಣದಲ್ಲಿ ಅವರನ್ನು ನೆನೆಸ್ತೀನಲ್ಲಮ್ಮ,” ಎಂದರು. ನಾನು ಸುಮ್ಮನಾದೆ. ಆ ನಾಚಿಕೆ ಇನ್ನೂ ಹೋಗಿಲ್ಲ.

ಸಂಜೆ ಗಾಜುವಾಕದ ಟೀ ಅಂಗಡಿಯಲ್ಲಿ ಫೋನ್ ತೆಗೆದು ಬಾಬಾಯಿಗೆ ಬೊಂಬೆಯ ಫೋಟೋ ತೋರಿಸಿದೆ. ಅವರು ಬೆರಳಿನಿಂದ ಹಿಗ್ಗಿಸಿ ಸಮವಸ್ತ್ರವನ್ನೇ ನೋಡಿದರು.

“ಕೊನೆಗೂ ಕಾಯಂ ಮಾಡಿದ್ದಾರಲ್ಲಮ್ಮಾ,” ಎಂದರು.

ಬಾಬಾಯಿ ಟೀ ಮುಗಿಸಿ, ಲೋಟ ಕೆಳಗಿಟ್ಟು, ಫೋನ್ ವಾಪಸ್ ಕೊಟ್ಟರು.

“ಇವನಿಗೆ ರಿಟೈರ್‌ಮೆಂಟ್ ಯಾವಾಗಂತೆ, ಸ್ವಲ್ಪ ವಿಚಾರಿಸಮ್ಮಾ. ಜಾಗ ಖಾಲಿಯಾದರೆ ನನಗೊಂದು ಫೋನ್ ಮಾಡು.”