ಹಳದಿ ಜೀಪು ಹಸಿರಾದ ಭಾನುವಾರ

ಈ ಸಲದ ಜೀಪು ಕೂಟದ ಟ್ರೋಫಿ ತನ್ನ ಮನೆಗೆ ಬರದಿದ್ದರೆ ಮೀಸೆ ಬೋಳಿಸಿಕೊಳ್ಳುತ್ತೇನೆ ಎಂದು ಕಲ್ಲೂರಿನ ಕರುಣಾಕರನ್ ಗೌಡ ಹೆಂಡತಿಯ ಎದುರು ಘೋಷಿಸಿದ. ಪದ್ಮಾಕ್ಷಿ ಅಂಗಳದಲ್ಲಿ ಅರಿಶಿನ ಒಣಹಾಕುತ್ತಿದ್ದಳು. ತಲೆ ಎತ್ತದೆ, ಆ ಮೀಸೆ ಬೋಳಿಸಿದರೆ ಯಾರಿಗೆ ಗೊತ್ತಾಗುತ್ತೆ ಎಂದಳು. ಮೀಸೆ ನಿಜಕ್ಕೂ ಹೇಳಿಕೊಳ್ಳುವಂಥದ್ದಾಗಿರಲಿಲ್ಲ.

ಜೀಪಿನವರ ಕೂಟ ಅಂದರೆ ಮೊದಲು ಹೀಗಿರಲಿಲ್ಲ. ಪನಮರಂನ ಭಾಸ್ಕರನ್ ಮೇಸ್ತ್ರಿ ಅದನ್ನು ಹೊಳೆದಂಡೆಯಲ್ಲಿ ಶುರುಮಾಡಿ ಇಪ್ಪತ್ತು ವರ್ಷವಾಗಿತ್ತು. ಪ್ರತಿ ತಿಂಗಳ ಎರಡನೇ ಭಾನುವಾರ ಏಳೆಂಟು ಮುದಿ ಜೀಪುಗಳು ಕೆಮ್ಮುತ್ತಾ ಬಂದು ನಿಲ್ಲುತ್ತಿದ್ದವು. ಬಂದ ಕೂಡಲೇ ಬಾನೆಟ್ ಎತ್ತಬೇಕು, ಅದೇ ನಮಸ್ಕಾರ. ಒಬ್ಬನ ಪ್ಲಗ್ ಇನ್ನೊಬ್ಬನ ಇಂಜಿನ್ನಿಗೆ ಹೋಗುತ್ತಿತ್ತು, ವಾಪಸ್ ಬರುತ್ತಿರಲಿಲ್ಲ, ಯಾರೂ ಕೇಳುತ್ತಿರಲಿಲ್ಲ. ಒಂದೇ ಒಂದು ಕಾನೂನು: ಜೀಪು ಕೆಸರು ಮೆತ್ತಿಕೊಂಡೇ ಬರಬೇಕು. ತೊಳೆದುಕೊಂಡು ಬಂದವನ ಜೀಪು ಆ ತಿಂಗಳು ಯಾರಿಗೂ ಕೆಲಸಕ್ಕೆ ಬಂದಿಲ್ಲ ಅಂತ ಅರ್ಥ. ಅವನಿಗೆ ಬರೀ ಬೇಯಿಸಿದ ಮರಗೆಣಸು, ಮೀನುಸಾರು ಇಲ್ಲ.

ಈಗ ಕೂಟ ಬತ್ತೇರಿ ಮೈದಾನಕ್ಕೆ ಹೋಗಿತ್ತು. ಬ್ಯಾನರ್ ಬಂತು, ಮೈಕ್ ಬಂತು, ಕೋಳಿಕ್ಕೋಡಿನಿಂದ ಕ್ಯಾಮರಾ ಹಿಡಿದ ಹುಡುಗರು ಬಂದರು. ಬಾನೆಟ್ ಎತ್ತುವುದು ಫೋಟೋಗೆ ಮಾತ್ರ. ಫ್ಯಾಕ್ಟರಿಯಿಂದ ಇಳಿದ ದಿನ ಹೇಗಿತ್ತೋ ಹಾಗೇ ಇರುವ ಜೀಪಿಗೆ ಟ್ರೋಫಿ. ಭಾಸ್ಕರನ್ ಮೇಸ್ತ್ರಿಗೆ ಒಂದು ಪ್ಲಾಸ್ಟಿಕ್ ಕುರ್ಚಿ. ಹೋದ ಸಲ ಕರುಣಾಕರನ ಹಳದಿ ಜೀಪನ್ನು ಒಬ್ಬ ಜಡ್ಜು ಸುತ್ತು ಹೊಡೆದು ನೋಡಿ, ಇದು ಐಸ್‌ಕ್ರೀಮ್ ಗಾಡಿಯೋ ಅಂಕಲ್ ಎಂದಿದ್ದ. ಆ ಮಾತು ಮನುಷ್ಯನ ಎದೆಯಲ್ಲಿ ಮುಳ್ಳಾಗಿ ಕೂತಿತು.

ಅದಕ್ಕೇ ಹತ್ತು ದಿನ ಕೊಟ್ಟಿಗೆಯ ಬಾಗಿಲು ಹಾಕಿಕೊಂಡು ತಪಸ್ಸಿಗೆ ಕೂತ. ಹಳದಿ ಕೆರೆದ. ಬಾನೆಟ್ ಮೇಲೆ ಮಗಳ ಹೆಸರು 'ಅಮ್ಮು' ಅಂತ ಕೆಂಪಗೆ ಬರೆದಿದ್ದನ್ನೂ ಕೆರೆದ. ಮಗಳು ಎರಡು ದಿನ ಮಾತು ಬಿಟ್ಟಳು. ಮಿಲಿಟರಿ ಹಸಿರು ಬಣ್ಣ ಏಳು ಕೋಟು ಹೊಡೆದು, ಬಿಳಿ ನಕ್ಷತ್ರ ಬರೆದು, ಯುದ್ಧ ಗೆದ್ದು ಬಂದವನ ಹಾಗೆ ಆಚೆ ಬಂದ.

ಪದ್ಮಾಕ್ಷಿ ಬಾನೆಟ್ ಮೇಲೆ ಬೆರಳು ಸವರಿ ನೋಡಿದಳು. "ಕಾಲ ಸರಿ ಇಲ್ಲ. ಈ ಬಣ್ಣ ಬೇಡಿತ್ತು," ಎಂದಳು.

ಕಾಲ ಸರಿ ಇರಲಿಲ್ಲ, ಅದು ನಿಜ. ಹೋದ ತಿಂಗಳಷ್ಟೇ ಮುತ್ತಂಗದ ಕಾಡಿನಲ್ಲಿ, ಭೂಮಿ ಕೇಳಿ ಗುಡಿಸಲು ಹಾಕಿದ್ದ ಜನರ ಮೇಲೆ ಗುಂಡು ಹಾರಿತ್ತು. ಆಮೇಲೆ ನಕ್ಸಲರಿದ್ದಾರೆ ಅಂತ ಪೊಲೀಸರು ಇಂಥದೇ ಹಸಿರು ಜೀಪಿನಲ್ಲಿ ಬಂದು ಆದಿವಾಸಿಗಳ ಹಾಡಿಗಳನ್ನೆಲ್ಲ ಜಾಲಾಡಿದರು. ಜೀಪಿನ ಸದ್ದು ಕೇಳಿದರೆ ಜನ ಕಾಡಿಗೆ ಬೀಳುತ್ತಿದ್ದರು. ಓಡದೆ ನಿಲ್ಲುತ್ತಿದ್ದದ್ದು ಒಂದೇ ಜೀಪಿಗೆ, ಕರುಣಾಕರನ ಹಳದಿ ಜೀಪಿಗೆ. ಹಾಡಿಯ ಅರ್ಧ ಮಕ್ಕಳ ಅಮ್ಮಂದಿರನ್ನು ಅದೇ ಜೀಪು ಹೆರಿಗೆಗೆ ಬತ್ತೇರಿ ಆಸ್ಪತ್ರೆಗೆ ಸಾಗಿಸಿತ್ತು. ಇದೆಲ್ಲ ಕರುಣಾಕರನಿಗೆ ಗೊತ್ತಿತ್ತು. ಗೊತ್ತಿದ್ದೂ ಟ್ರೋಫಿಯ ಗುಂಗಿನಲ್ಲಿ ತಲೆಗೆ ಹೋಗಲಿಲ್ಲ.

ಭಾನುವಾರ ಮಧ್ಯಾಹ್ನ ಬಿಳಿ ಅಂಗಿ ಹಾಕಿ ಹೊರಟ. ಬತ್ತೇರಿಯ ಅಕ್ಕನಿಗೆ ಕೊಡಲು ಅರಿಶಿನ ಪುಡಿಯ ಡಬ್ಬ ಮಡಿಲಲ್ಲಿಟ್ಟುಕೊಂಡು ಪದ್ಮಾಕ್ಷಿ ಪಕ್ಕದಲ್ಲಿ ಕೂತಳು. ಚಹಾ ಅಂಗಡಿಯ ಮುಂದೆ ಕೂತಿದ್ದವರು ದಡಬಡ ಎದ್ದು ನಿಂತರು. ನೋಡು ಮರ್ಯಾದೆ ಎಂದ ಕರುಣಾಕರನ್. ಹಾಡಿಯ ತಿರುವಿನಲ್ಲಿ ಕೆಂಚ ನಿಂತಿದ್ದ. ಜೀಪು ಕಂಡದ್ದೇ ತಡ, ಲಂಟಾನ ಪೊದೆಯೊಳಗೆ ಮಾಯವಾದ. ಇದೂ ಮರ್ಯಾದೆಯೇ ಅಂದುಕೊಂಡು ನೂರು ಮಾರು ಮುಂದೆ ಹೋದವನು ಗಕ್ಕನೆ ಬ್ರೇಕ್ ಒತ್ತಿದ. ನಿನ್ನ ಹೆಂಡತಿ ಕಾರ್ತುವಿಗೆ ಹೆರಿಗೆ ನೋವು ಶುರುವಾದರೆ ರಸ್ತೆಗೆ ಬಂದು ನಿಲ್ಲು ಎಂದು ಕೆಂಚನಿಗೆ ಹೇಳಿದ್ದವನು ತಾನೇ.

ಜೀಪು ತಿರುಗಿಸಿ ಹಾಡಿಗೆ ನುಗ್ಗಿಸಿದ. ಒಲೆಯ ಮೇಲೆ ಗಂಜಿ ಬೇಯುತ್ತಿತ್ತು, ಜನ ಒಬ್ಬರೂ ಇಲ್ಲ. ಹಾರ್ನ್ ಹೊಡೆದ. ಕಾಡು ಇನ್ನೂ ಮೌನವಾಯಿತು. ನಾನು ಕಣ್ರೋ, ಕರುಣಾಕರನ್, ಎಂದು ಗಂಟಲು ಹರಿಯುವಂತೆ ಕೂಗಿದ. ಕೊನೆಗೆ ಪೊದೆಯೊಳಗಿಂದ ಕೆಂಚನ ತಾಯಿ ಅಮ್ಮಾಳುವಿನ ದನಿ ಬಂತು.

"ದನಿ ನಿಂದೇ ಗೌಡ. ಜೀಪು ಯಾರದು?"

"ನಂದೇ ಅಮ್ಮ. ಬಣ್ಣ ಬಳಿದಿದ್ದೀನಿ ಅಷ್ಟೇ."

"ನಮ್ಮ ಚೆನ್ನನ್ನ ಕರಕೊಂಡು ಹೋದಾಗಲೂ ಕರೆದದ್ದು ಗೊತ್ತಿದ್ದ ದನಿಯೇ," ಎಂದಳು ಅಮ್ಮಾಳು. ಚೆನ್ನ ಅವಳ ಕಿರಿಮಗ. ಪೊಲೀಸರು ಕರಕೊಂಡು ಹೋದವನು ಇನ್ನೂ ವಾಪಸ್ ಬಂದಿರಲಿಲ್ಲ.

ಪೊದೆಯ ಹಿಂದೆ ಕಾರ್ತು ನರಳಿದ್ದು ಕೇಳಿಸಿತು. ಆ ಜೀಪು ಹತ್ತೋದಿಲ್ಲ, ಇಲ್ಲೇ ಸಾಯ್ತೀನಿ ಎನ್ನುತ್ತಿದ್ದಳು. ಕರುಣಾಕರನಿಗೆ ಅಳು ಬಂತು, ತನ್ನ ಮೇಲೆ ಹೇಸಿಗೆಯೂ ಬಂತು.

ಪದ್ಮಾಕ್ಷಿ ಮಾತಾಡುತ್ತಾ ನಿಲ್ಲಲಿಲ್ಲ. ಒಲೆಯ ಮೇಲಿನ ಗಂಜಿ ಇಳಿಸಿ, ತಣ್ಣೀರು ಸುರಿದು, ಅಕ್ಕನ ಅರಿಶಿನದ ಡಬ್ಬ ಪೂರ್ತಿ ಅದಕ್ಕೆ ಕವುಚಿದಳು. "ಬಳೀರಿ," ಎಂದಳು. ಏಳು ಕೋಟು ಹೊಡೆದ ಕೈಯೇ ಎಂಟನೆಯದನ್ನೂ ಹೊಡೆಯಿತು. ಬ್ರಷ್ ಎಲ್ಲಿಂದ ಬರಬೇಕು, ಬಿಳಿ ಅಂಗಿ ಬಿಚ್ಚಿ ಅದ್ದಿದ. ನಕ್ಷತ್ರ ಮುಳುಗಿತು, ಹಸಿರು ಮುಳುಗಿತು. ಜೀಪು ಮದುವೆ ಮನೆಯ ಮದುಮಗನ ಹಾಗೆ ಅರಿಶಿನ ಮೆತ್ತಿಕೊಂಡು ನಿಂತಿತು.

ಆಗ ಪೊದೆ ಸರಿಯಿತು. ಅಮ್ಮಾಳು ಹೊರಗೆ ಬಂದು, ಸೊಂಟದ ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು ಪದ್ಮಾಕ್ಷಿಯ ಕೈಗಿಟ್ಟಳು. ಅರಿಶಿನಕ್ಕೆ ಸುಣ್ಣ ಬಿದ್ದದ್ದೇ ಕೆಂಪಾಯಿತು. ಪದ್ಮಾಕ್ಷಿ ಬೆರಳಲ್ಲಿ ಬಾನೆಟ್ ಮೇಲೆ ಸೊಟ್ಟಗೆ 'ಅಮ್ಮು' ಎಂದು ಬರೆದಳು. ಅಮ್ಮಾಳುವಿಗೆ ಓದು ಬಾರದು, ಆದರೆ ಆ ಗುರುತು ಗೊತ್ತಿತ್ತು. ಸೊಸೆಯ ತೋಳು ಹಿಡಿದು ಹತ್ತಿಸಿ ತಾನೂ ಹತ್ತಿದಳು. ಕೆಂಚ ಹಿಂದೆ ಹಾರಿ ಕೂತ.

ಬನಿಯನ್ನಿನಲ್ಲೇ ಕರುಣಾಕರನ್ ಗಾಡಿ ಓಡಿಸಿದ ಅವತ್ತಿನ ವೇಗಕ್ಕೆ ಯಾವ ಮೈದಾನದಲ್ಲೂ ಟ್ರೋಫಿ ಇಲ್ಲ. ಬತ್ತೇರಿ ಮೈದಾನದ ಮುಂದೆಯೇ ಹೋಗಬೇಕಿತ್ತು. ಸಾಲಾಗಿ ನಿಂತ ಫಳಫಳ ಜೀಪುಗಳ ನಡುವೆ ಹುಡುಗರು ಕ್ಯಾಮರಾ ತಿರುಗಿಸಿ ನಕ್ಕರು. ಭಾಸ್ಕರನ್ ಮೇಸ್ತ್ರಿ ಒಬ್ಬರೇ ಕುರ್ಚಿ ಬಿಟ್ಟು ಎದ್ದು ನಿಂತರು.

ಆಸ್ಪತ್ರೆ ಸೇರಿ ಅರ್ಧ ಗಂಟೆಗೆ ಹೆಣ್ಣು ಮಗು ಹುಟ್ಟಿತು. ತಾಯಿ, ಮಗು ಕ್ಷೇಮ. ಕೆಂಚ ಅತ್ತ, ಪದ್ಮಾಕ್ಷಿ ನಕ್ಕಳು, ಕರುಣಾಕರನ್ ಎರಡನ್ನೂ ಮಾಡಿದ. ಆಮೇಲೆ ಗಡಿಯಾರ ನೋಡಿದ. ಮೂರು ಗಂಟೆ. ಟ್ರೋಫಿ ಕೊಡುವುದು ನಾಲ್ಕಕ್ಕೆ. ಮನುಷ್ಯನ ಆಸೆ ನೋಡಿ, ಮೆಲ್ಲಗೆ ಆಸ್ಪತ್ರೆಯ ನಲ್ಲಿಯಿಂದ ಒಂದು ಬಕೆಟ್ ನೀರು ಹಿಡಿದು ತಂದ. ಬಾನೆಟ್ ಮೇಲೆ ಒಣಗಿ ಬಿರುಕು ಬಿಟ್ಟಿದ್ದ ಅರಿಶಿನದ ಕಡೆಗೆ ಬಕೆಟ್ ಎತ್ತಿದ್ದ ಅಷ್ಟೇ.

ಮೆಟ್ಟಿಲ ಮೇಲೆ ಅಮ್ಮಾಳು ನಿಂತಿದ್ದಳು. ಅವಳು ಸಿಟ್ಟಾಗಲಿಲ್ಲ.

"ತೊಳಿಬೇಡ ಗೌಡ. ನಾಳೆ ಮಗೂನ ಮನೆಗೆ ಕರಕೊಂಡು ಹೋಗೋದು ಯಾವುದ್ರಲ್ಲಿ?"