ಹೆಚ್ಚುವ ಮಣೆಯ ಹೆಚ್ಚುಗಾರಿಕೆ

ಆಫೀಸಿನಲ್ಲಿ ಯಾರೂ ಮಣೆ ಹಾಕದಿದ್ದರೆ ಮನುಷ್ಯ ಏನು ಮಾಡಬೇಕು? ತಾನೇ ಮಣೆ ಮಾಡಬೇಕು. ನೀರು ಸರಬರಾಜು ಕಚೇರಿಯ ಪೈಪ್ ಇಂಜಿನಿಯರರು ಮಾಡಿದ್ದು ಅದನ್ನೇ. ತಮಗಿಂತ ಕಿರಿಯನೊಬ್ಬನಿಗೆ ಬಡ್ತಿ ಸಿಕ್ಕಿತೆಂಬ ಸುದ್ದಿ ಬಂದ ವಾರವೇ ಶೆಡ್ಡಿನಲ್ಲಿದ್ದ ಕಾರನ್ನು ಬೀದಿಗೆ ಅಟ್ಟಿದರು. ಖಾಲಿಯಾದ ಶೆಡ್ಡಿನಲ್ಲಿ ಗರಗಸ, ಉಜ್ಜುಗೊರಡು, ಕ್ಲ್ಯಾಂಪುಗಳನ್ನು ಪ್ರತಿಷ್ಠಾಪಿಸಿ, ತರಕಾರಿ ಹೆಚ್ಚುವ ಮಣೆಗಳ ನಿರ್ಮಾಣಕ್ಕೆ ಟೊಂಕ ಕಟ್ಟಿ ನಿಂತರು.

ಮಣೆಯೆಂದರೆ ಅಂತಿಂಥ ಮಣೆಯಲ್ಲ. ಕಪ್ಪು ಮರದ ಪಟ್ಟಿ, ಬಿಳಿ ಮರದ ಪಟ್ಟಿ ಜೋಡಿಸಿ ಅಂಟಿಸಬೇಕು. ಕ್ಲ್ಯಾಂಪು ಬಿಗಿದು ಒಣಗಿಸಬೇಕು. ಸ್ಯಾಂಡ್ ಪೇಪರಿನಿಂದ ತಿಕ್ಕಬೇಕು. ನೀರು ಚಿಮುಕಿಸಿದಾಗ ನಾರು ರೋಮಾಂಚನಗೊಂಡಂತೆ ಎದ್ದು ನಿಲ್ಲುತ್ತದೆ. ಅದನ್ನು ಮತ್ತೆ ತಿಕ್ಕಬೇಕು. (ಈ ತಿಕ್ಕಾಟದಲ್ಲಿ ಕಾಲುಭಾಗವನ್ನಾದರೂ ಪಾತ್ರೆಗಳ ಮೇಲೆ ತೋರಿಸಿದ್ದರೆ ಮನೆ ಉದ್ಧಾರವಾಗುತ್ತಿತ್ತು ಎಂಬುದು ಅವರ ಹೆಂಡತಿಯ ಅಭಿಪ್ರಾಯ.)

ಕೊನೆಗೆ ಎಣ್ಣೆ. ಅಡುಗೆ ಎಣ್ಣೆ ಹಚ್ಚಿದರೆ ನಾಲ್ಕು ದಿನಕ್ಕೆ ಕಮಟು ವಾಸನೆ. ವಾರ್ನಿಷ್ ಬಳಿದರೆ ಚಾಕು ತಾಗಿದಲ್ಲೆಲ್ಲ ಸಿಪ್ಪೆ ಎದ್ದು ಪಲ್ಯದೊಳಗೆ. ಬಣ್ಣವಿಲ್ಲದ, ವಾಸನೆಯಿಲ್ಲದ ತಕ್ಕ ಎಣ್ಣೆಯೊಂದಿದೆ. ಸಿಗುವುದು ಔಷಧಿ ಅಂಗಡಿಯಲ್ಲಿ. ಆದರೆ ಅಂಗಡಿಯವನು ಅದನ್ನು ಇಟ್ಟುಕೊಂಡಿರುವುದು ಮಣೆಗಲ್ಲ, ಮಲಬದ್ಧತೆಗೆ. ಈ ಚಿಕ್ಕ ಸಂಗತಿಗೆ ಇಂಜಿನಿಯರರು ಮಣೆ ಹಾಕಲಿಲ್ಲ.

"ಏನ್ ಸಾರ್, ಮೊನ್ನೆ ತಗೊಂಡಿದ್ದು ಆಗ್ಲೇ ಖಾಲೀನಾ?" ಎಂದು ಅಂಗಡಿಯವನು ಕೇಳಿದ.

"ಏನ್ ಮಾಡ್ಲಯ್ಯ? ಎರಡಕ್ಕೆ ಒಂದು ಬಾಟ್ಲಿ ಸಾಲೋದೇ ಇಲ್ಲ!"

ಕೆಮ್ಮಿನ ಮಾತ್ರೆ ಕೊಳ್ಳಲು ಇಂಜಿನಿಯರರ ಹಿಂದೆ ನಿಂತಿದ್ದ ಪಕ್ಕದ್ಮನೆ ನರ್ಸಮ್ಮ 'ಎರಡಕ್ಕೆ' ಎಂಬುದನ್ನು ಮಾತ್ರ ಕೇಳಿಸಿಕೊಂಡರು. ಮರುದಿನ ಗೇಟಿನ ಬಳಿ ತಡೆದು, ದನಿ ತಗ್ಗಿಸಿ ವಿಚಾರಿಸಿದರು.

"ಈಗ ಹೇಗಿದೆ ಸಾರ್?"

ಯಾರಾದರೂ ಕೇಳಲೆಂದೇ ಕಾದಿದ್ದ ಇಂಜಿನಿಯರರ ಎದೆ ಉಬ್ಬಿತು. "ಮೊದಮೊದ್ಲು ಬಹಳ ಒದ್ದಾಡ್ದೆ. ಬರೀ ಗಟ್ಟಿ, ಒರಟು. ಈಗ ನೋಡಿ, ನುಣ್ಣಗೆ ಬರ್ತಿದೆ! ಬೆಳಿಗ್ಗೆ ಎದ್ದು ಶೆಡ್ಡಲ್ಲಿ ಕೂತ್ರೆ ಆಯ್ತು."

"ಶೆಡ್ಡಲ್ಲಾ?"

"ಮನೆಯೊಳಗೆ ಇವಳು ಬಿಡಲ್ಲ. ಗಲೀಜಾಗುತ್ತೆ ಅಂತಾಳೆ."

ನರ್ಸಮ್ಮನ ಕಣ್ಣಲ್ಲಿ ನೀರಾಡಿತು. ಸಂಜೆಯ ಹೊತ್ತಿಗೆ ಸುದ್ದಿ ಬೀದಿಯ ಆ ತುದಿ ಮುಟ್ಟಿತ್ತು. ಅಂದಿನಿಂದ ಜನ ಇಂಜಿನಿಯರರನ್ನು ಕಂಡರೆ ದಾರಿ ಬಿಡತೊಡಗಿದರು. ಬೆಳಗಿನ ಹೊತ್ತಂತೂ ಯಾರೂ ತಡೆದು ನಿಲ್ಲಿಸುತ್ತಿರಲಿಲ್ಲ.

"ನೋಡಿದ್ಯೇನೇ ನನ್ನ ಕೀರ್ತಿ?" ಎಂದರು ಹೆಂಡತಿಗೆ.

"ಕೀರ್ತಿನೋ ಏನೋ! ಮೂಲೆಮನೆ ಅಜ್ಜಿ ನನ್ನ ಕೈ ಹಿಡ್ಕೊಂಡು, 'ಹೇಗೆ ಸಹಿಸ್ಕೊಂಡಿದ್ದೀಯೋ ತಾಯಿ' ಅಂದ್ರು."

"ಕಲಾವಿದರ ಹೆಂಡ್ತೀರಿಗೆ ಲೋಕ ಯಾವಾಗ್ಲೂ ಹಾಗೇ ಅನ್ನೋದು."

ಹೀಗಿರುವಾಗ ಬಡಾವಣೆಯ ಹಿರಿಯರ ಸಂಘದ ಅಧ್ಯಕ್ಷರು ಮನೆಗೇ ಬಂದರು. "ಭಾನುವಾರ ನಮ್ಮ ಸಭೇಲಿ ನಿಮ್ಮ ಅನುಭವ ಹೇಳ್ಬೇಕು ಸಾರ್. ಇದೇನು ಮುಚ್ಚಿಡೋ ವಿಷಯ ಅಲ್ಲ."

"ಮುಚ್ಚಿಡೋದ್ಯಾಕೆ? ಮಾಡಿದ್ದನ್ನೇ ತಂದು ತೋರಿಸ್ತೀನಿ!"

ಅಧ್ಯಕ್ಷರ ಮುಖ ಬಿಳಿಚಿತು. "ತೋರಿಸೋದೆಲ್ಲ... ಬೇಡಿ ಸಾರ್. ಮಾತು ಸಾಕು."

ಕಲಾವಿದರು ಅಷ್ಟಕ್ಕೆಲ್ಲ ಬಗ್ಗುವವರೇ? ಭಾನುವಾರ ತಮ್ಮ ಅತ್ಯುತ್ತಮ ಮಣೆಯನ್ನು ಟವೆಲ್ಲಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು, ಇಸ್ತ್ರಿ ಮಾಡಿದ ಅಂಗಿಯಲ್ಲಿ ಹೊರಟರು. ಸಭಾಂಗಣ ತುಂಬಿತ್ತು. ತುಂಬಿದ ಸಭೆಯನ್ನು ನೋಡುವ ಸಂಭ್ರಮದಲ್ಲಿ ವೇದಿಕೆಯ ಹಿಂದಿನ ಬ್ಯಾನರನ್ನು ಅವರು ನೋಡಲೇ ಇಲ್ಲ.

ಅಧ್ಯಕ್ಷರು ಮೈಕು ಹಿಡಿದರು. "ಊರಿನ ಪೈಪುಗಳಲ್ಲಿ ಎಂಥೆಂಥ ಕಟ್ಟನ್ನೋ ಬಿಡಿಸಿದವರು ಇವರು. ಆದರೆ ವಿಧಿ ನೋಡಿ! ತಮ್ಮದೇ ಕಟ್ಟಿನ ಮುಂದೆ ಕಂಗಾಲಾದರು. ಆದರೂ ಸೋಲಲಿಲ್ಲ. ಬಾಟಲಿ ಬಾಟಲಿ ಎಣ್ಣೆ ಕುಡಿದು ಗೆದ್ದರು!"

ಚಪ್ಪಾಳೆ ಮೊಳಗಿತು. ಇಂಜಿನಿಯರರು ಮೆಲ್ಲಗೆ ಹಿಂತಿರುಗಿ ನೋಡಿದರು. ಬ್ಯಾನರಿನ ಮೇಲೆ ಕೊಬ್ಬಿದ ಅಕ್ಷರಗಳು: 'ಮಲಬದ್ಧತೆ – ಮುಜುಗರ ಬೇಡ, ಮಾತಾಡೋಣ.'

ಅವರ ಕಿವಿ ಕೆಂಪಾಯಿತು. ನರ್ಸಮ್ಮ, ಔಷಧಿ ಅಂಗಡಿಯವನು, ತಮಗೆ ದಾರಿ ಬಿಟ್ಟ ಬೀದಿಯ ಜನ, ಎಲ್ಲರೂ ಕಣ್ಮುಂದೆ ಸಾಲುಗಟ್ಟಿದರು. ಮುಂದಿನ ಸಾಲಿನಲ್ಲಿ ಹೆಂಡತಿ ಬಾಯಿಗೆ ಕೈ ಅಡ್ಡ ಇಟ್ಟು ಕೂತಿದ್ದಳು. ಭುಜ ಮಾತ್ರ ಕುಲುಕುತ್ತಿತ್ತು. ಭೂಮಿ ಬಾಯಿಬಿಡಲಿಲ್ಲ. ಓಡಿಹೋಗೋಣವೆಂದರೆ ಮೆಟ್ಟಿಲ ಬಳಿ ಅಧ್ಯಕ್ಷರು ಹಾರ ಹಿಡಿದು ನಿಂತಿದ್ದರು. ಕಂಕುಳಲ್ಲಿ ಮಣೆ ಭಾರವಾಗಿ ಒತ್ತಿತು. ಅಷ್ಟು ಚಂದದ ಮಣೆ, ಯಾರಿಗೂ ಮುಖ ತೋರಿಸದೆ ಮನೆಗೆ ಮರಳಬೇಕೇ?

ಟವೆಲ್ ಬಿಚ್ಚಿ ಮಣೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು.

"ಎಣ್ಣೆ ಕುಡಿದದ್ದು ನಾನಲ್ಲ. ಇದು!"

ಸಭೆಯಲ್ಲಿ ಎದ್ದ ನಗೆಗೆ ಚಾವಣಿಯ ಪಾರಿವಾಳಗಳು ಹಾರಿಹೋದವು. ಇಂಜಿನಿಯರರು ನಗೆ ಇಳಿಯುವವರೆಗೆ ಕಾದರು. ನಂತರ ಮರ ಆರಿಸಿದ್ದು, ಅಂಟಿಸಿದ್ದು, ತಿಕ್ಕಿದ್ದು, ಎಣ್ಣೆ ಇಳಿದಂತೆ ಮಂಕಾಗಿದ್ದ ಮರದಲ್ಲಿ ಗೆರೆಗಳು ಒಂದೊಂದಾಗಿ ಕಣ್ಣುಬಿಟ್ಟಿದ್ದು, ಎಲ್ಲವನ್ನೂ ಹೇಳಿದರು. ಮಣೆ ಕೈಯಿಂದ ಕೈಗೆ ಸಾಗಿತು. ನಗುತ್ತಿದ್ದವರು ಬೆರಳಾಡಿಸಿ ತಲೆದೂಗಿದರು. ಅಧ್ಯಕ್ಷರಂತೂ ಅಂಚು ಸವರುತ್ತಾ ಕೈಯಲ್ಲಿದ್ದ ಹಾರವನ್ನೇ ಮರೆತರು.

"ನಮ್ಮೆಜಮಾನ್ರು ಮಾಡಿದ್ದು! ಮೊಳೆ ಒಂದೂ ಇಲ್ಲ, ನೋಡಿ!" ಎಂದಳು ಹೆಂಡತಿ, ಮೈಕಿಲ್ಲದೆಯೇ ಸಭೆಗೆಲ್ಲ ಕೇಳುವಂತೆ. ಇಪ್ಪತ್ತು ಬಡ್ತಿ ಒಟ್ಟಿಗೆ ಬಂದಂತಾಯಿತು ಇಂಜಿನಿಯರರಿಗೆ.

ಅಷ್ಟರಲ್ಲಿ ಮಣೆ ಕೊನೆಯ ಸಾಲು ಮುಟ್ಟಿತ್ತು. ಅಲ್ಲಿದ್ದ ಮೂಲೆಮನೆ ಅಜ್ಜನಿಗೆ ಕಿವಿ ದೂರ. ಭಾಷಣದ ಒಂದಕ್ಷರವೂ ಕೇಳಿರಲಿಲ್ಲ. ಬ್ಯಾನರನ್ನು ಮಾತ್ರ ಓದಿದ್ದರು. ಮಣೆಯನ್ನು ಕುರ್ಚಿಯ ಮೇಲಿಟ್ಟು, ಅದರ ಮೇಲೆ ಭದ್ರವಾಗಿ ಕೂತು, ಕಣ್ಣು ಮುಚ್ಚಿ ಕೇಳಿದರು: "ಎಷ್ಟು ಹೊತ್ತಿಗೆ ಕೆಲಸ ಮಾಡುತ್ತಪ್ಪಾ ಇದು?"

ಯಾರು ಎಷ್ಟು ಕೂಗಿ ಹೇಳಿದರೂ ಅಜ್ಜ ಮಣೆ ಬಿಡಲಿಲ್ಲ. ಅದರ ಸಮೇತವೇ ಮನೆಗೆ ಹೋದರು.

ಎರಡು ದಿನ ಬಿಟ್ಟು ಅಲ್ಲಿಂದ ಹೇಳಿಕೆ ಬಂತು. ಮಣೆ ದಿವ್ಯವಾದ ಗುಣ ಕೊಟ್ಟಿದೆ, ಅಜ್ಜಿಗೂ ಒಂದು ಬೇಕು, ಸ್ವಲ್ಪ ಅಗಲವಾಗಿರಲಿ.

"ಕೇಳಿದ್ಯೇನೇ? ಆರ್ಡರು! ನನ್ನ ಮೊದಲ್ನೇ ಆರ್ಡರು!" ಎಂದು ಇಂಜಿನಿಯರರು ಅಳತೆಯ ಟೇಪು ಹಿಡಿದು, ತಲೆಯೆತ್ತಿ, ಮೂಲೆಮನೆಗೆ ಹೊರಟೇಬಿಟ್ಟರು.

ಹೆಂಡತಿ ಗೇಟಿನವರೆಗೂ ಓಡಿ ಬಂದು ಟೇಪು ಕಿತ್ತುಕೊಂಡಳು. "ನೀವು ಮಣೆ ಮಾಡಿ, ಸಾಕು. ಅಳತೆ ನಾನು ತರ್ತೀನಿ!"