ಬೇಲಿಯ ಸಂದಿಗೆ ಅಡ್ಡ ನಿಲ್ಲುವ ಹಸುವಿನವರಿಗೆ

ಮಾನ್ಯ ಕಪ್ಪು-ಬಿಳಿ ಹಸುವಿನವರೇ,

ಒಂದೇ ಬೆಳಗ್ಗೆ ಎರಡು ದೇಶಗಳ ಹುಲ್ಲು ಮೇದು ಎರಡಕ್ಕೂ ಸಮನಾಗಿ ಸಗಣಿ ಹಾಕುವ ತಮ್ಮ ನಿಷ್ಪಕ್ಷಪಾತಕ್ಕೆ ಮೊದಲು ಕೈಮುಗಿದು, ಐರ್ಲೆಂಡಿನ ಮೊನಾಘನ್ ಕೌಂಟಿಯ ಅಂಚಿನ ಬಾಡಿಗೆ ಮನೆಯಿಂದ ಮೈಸೂರಿನ ಮಂಜೇಶ್ ಬರೆದುಕೊಳ್ಳುವ ಅಹವಾಲು.

ನೂರು ವರ್ಷದ ಹಿಂದೆ ಯುದ್ಧ ಮುಗಿಸಿದ ದೊಡ್ಡವರು ಲಂಡನ್ನಿನಲ್ಲಿ ಕೂತು ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಗಟ್ಟಿಯಾದ ಗಡಿ, ಈಗ ನಮ್ಮ ಹಿತ್ತಲಿನ ತೊರೆಯಾಗಿ ಹರಿಯುತ್ತಿದೆ. ಈಚೆ ದಡ ಐರ್ಲೆಂಡ್, ಆಚೆ ದಡ ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡ್. ಗೇಟಿಲ್ಲ, ಪೊಲೀಸರಿಲ್ಲ, ಹತ್ತಿರ ಹೋದರೆ ಫೋನು ಮಾತ್ರ ಬ್ರಿಟನ್ನಿಗೆ ಸ್ವಾಗತ ಕೋರುತ್ತದೆ. ಊರವರು ದಾಟುತ್ತಾರೆ, ಇಲ್ಲೇ ಹುಟ್ಟಿ ಇಲ್ಲಿನ ಪಾಸ್‌ಪೋರ್ಟ್ ಪಡೆದ ನನ್ನ ಏಳು ವರ್ಷದ ಮಗಳು ಕೃತಿ ಪಕ್ಕದ ಮನೆಯವರ ಕೈಹಿಡಿದು ದಾಟುತ್ತಾಳೆ, ಕಿವಿಯಲ್ಲಿ ಬಿಲ್ಲೆಯೂ ಯಜಮಾನರ ಕಪಾಟಿನಲ್ಲಿ ದನದ ಪಾಸ್‌ಪೋರ್ಟೂ ಇರುವ ತಾವಂತೂ ದಿನಕ್ಕೆ ನಾಲ್ಕು ಸಲ ದಾಟುತ್ತೀರಿ. ವರ್ಕ್ ಪರ್ಮಿಟ್ಟಿನ ನನಗೆ ಮಾತ್ರ ವೀಸಾ ಬೇಕು. "ಯಾರ್ ನೋಡ್ತಾರೆ ರೀ, ಒಂದ್ ಹೆಜ್ಜೆ ಅಲ್ವಾ" ಎನ್ನುತ್ತಾಳೆ ಹೆಂಡತಿ ನೀರಜಾ. ವೀಸಾ ಅವಳಿಗೂ ಇಲ್ಲ, ಅವಳೂ ದಾಟಿಲ್ಲ.

ಕೃತಿ ಐರಿಶ್ ಕುಣಿತ ಕಲಿಯುವುದು ಆಚೆ ದಡದ ಮೈದಾನದ ಹಲಗೆಯ ವೇದಿಕೆಯಲ್ಲಿ. ಅದು ಕಾಣುವುದು ನಮ್ಮ ಬೇಲಿಯ ಒಂದೇ ಸಂದಿನಿಂದ. ಆ ಸಂದಿಗೆ ಅಡ್ಡ ತಾವು. ತಪ್ಪು ನಮ್ಮದೇ. ತಾವು ಮೊದಲ ಸಲ ಬಂದದ್ದು ಶುಕ್ರವಾರವಾದ್ದರಿಂದ, ಗೋಮಾತೆ ತಾನಾಗಿ ಮನೆಗೆ ಬಂದಳೆಂದು ನೀರಜಾ ಅರಿಶಿನ ಕುಂಕುಮ ಹಚ್ಚಿ ಅಕ್ಕಿ ಬೆಲ್ಲ ತಿನ್ನಿಸಿದಳು. ಅಂದಿನಿಂದ ತಾವು ಆ ಜಾಗ ಬಿಟ್ಟಿಲ್ಲ. ಕೋಲೆತ್ತಿದರೆ ಅವಳು ಗದರುವುದು ನನ್ನನ್ನು. ಕಳೆದ ಶನಿವಾರದ ಅಭ್ಯಾಸದಲ್ಲಿ ನಾನು ಕಂಡದ್ದು ತಮ್ಮ ವಿಶಾಲವಾದ ಬೆನ್ನು, ಕೇಳಿದ್ದು ಮಗಳ ಬೂಟಿನ ಟಕಟಕ.

ಬರುವ ಶನಿವಾರ ಮೂರು ಗಂಟೆಗೆ ಅವಳ ಮೊದಲ ಪ್ರದರ್ಶನ. ಆದಕಾರಣ ತಾವು ದಯಮಾಡಿ ಒಂದು ಗಜ ಪಕ್ಕಕ್ಕೆ ಸರಿಯಬೇಕು. ಅದಾಗದಿದ್ದರೆ ಮೂರರಿಂದ ಮೂರೂಕಾಲರವರೆಗೆ ಪಾರದರ್ಶಕವಾಗಬೇಕು. ಅದೂ ಆಗದಿದ್ದರೆ ತಮ್ಮ ಪಾಸ್‌ಪೋರ್ಟಿನಲ್ಲಿ ನನ್ನನ್ನು ಕರುವೆಂದು ಸೇರಿಸಿಕೊಳ್ಳಬೇಕು. ಕಿವಿ ಚಿಕ್ಕಂದಿನಲ್ಲೇ ಚುಚ್ಚಿಸಿದ್ದಾರೆ, ಬಿಲ್ಲೆ ಸಿಕ್ಕಿಸಿದರೆ ಸಾಕು.

ತಮ್ಮ ಬೆನ್ನ ಹಿಂದಿನ ವಿಶ್ವಾಸಿ,
ಮಂಜೇಶ್

ತಾ.ಕ.: ಪತ್ರ ಮಡಚುವಾಗ ಇಣುಕಿದ ಕೃತಿ ತನ್ನ ಐರಿಶ್ ಇಂಗ್ಲಿಷಿನಲ್ಲಿ ತಿಳಿಸಿದ್ದೇನೆಂದರೆ, ಕುಣಿಯುವಾಗ ಅವಳು ಮೊದಲು ಹುಡುಕುವುದು ತಮ್ಮನ್ನು, ಆಮೇಲೆ ತಮ್ಮ ಹೊಟ್ಟೆಯ ಕೆಳಗೆ ಕಾಣುವ ನನ್ನ ಕೆಂಪು ಬೂಟುಗಳನ್ನು, ಅವು ಕಂಡರೆ ಎಲ್ಲ 'ಗ್ರ್ಯಾಂಡ್', ಅಂದರೆ ಇಲ್ಲಿನವರ ಮಾತಿನಲ್ಲಿ ಎಲ್ಲ ಸರಿಯಿದೆ, ಅಂತೆ. ಮೇಲಿನ ಕೋರಿಕೆಗಳನ್ನೆಲ್ಲ ವಾಪಸು ಪಡೆದಿದ್ದೇನೆ. ಶನಿವಾರ ತಾವು ಒಂದಂಗುಲವೂ ಅಲುಗಕೂಡದು. ಇದನ್ನು ನಮ್ಮಿಬ್ಬರ ಒಪ್ಪಂದವೆಂದು ತಿಳಿಯಿರಿ. ಮುರಿದರೆ ಬೆಲ್ಲ ಬಂದ್.